ಕವಡೆಯ ನಾಡಿನ ಮನೆಖರ್ಚು

ಬೆಲೆಯಿಲ್ಲದ ವಸ್ತುವನ್ನು ಕಂಡರೆ ‘ಕವಡೆ ಕಿಮ್ಮತ್ತೂ ಇಲ್ಲ’ ಎಂದು ಹೀಗಳೆಯುವುದು ಕನ್ನಡಿಗರ ರೂಢಿ. ಚೌಕಾಬಾರದ ಮನೆಗಳಲ್ಲಿ ಉರುಳುವ, ಯಲ್ಲಮ್ಮನ ಜೋಗತಿಯರ ಕೊರಳಲ್ಲಿ ಸರವಾಗಿ ತೂಗುವ ಈ ಪುಟ್ಟ ಬಿಳಿ ಚಿಪ್ಪು ಒಂದು ಕಾಲಕ್ಕೆ ಚಲಾವಣೆಯ ಹಣವೇ ಆಗಿತ್ತು. ಬಂಗಾಳದ ಸಂತೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ಬಡವರ ಕೊಡು ಕೊಳ್ಳುವಿಕೆ ನಡೆಯುತ್ತಿದ್ದುದು ಕವಡೆಯಲ್ಲಿ. ಆ ಕವಡೆಯ ಬಹುದೊಡ್ಡ ಪಾಲು ಹುಟ್ಟುತ್ತಿದ್ದುದು ಕೇರಳದ ತೀರದಿಂದ ನೈರುತ್ಯಕ್ಕೆ ಹಬ್ಬಿರುವ ಮಾಲ್ಡೀವ್ಸ್ ದ್ವೀಪಗಳ ಸುತ್ತಲಿನ ಆಳವಿಲ್ಲದ ಕಡಲಿನಲ್ಲಿ. ತೆಂಗಿನ ಗರಿಗಳನ್ನು ನೀರಿನಲ್ಲಿ ತೇಲಬಿಟ್ಟು, ಅವಕ್ಕೆ ಅಂಟಿಕೊಂಡ ಜೀವಿಗಳನ್ನು ದಡಕ್ಕೆ ತಂದು ಒಣಗಿಸಿ ಚಿಪ್ಪು ಬಿಡಿಸುತ್ತಿದ್ದ ಕ್ರಮವನ್ನು ಹತ್ತನೆಯ ಶತಮಾನದ ಅರಬ್ ಲೇಖಕ ಅಲ್ ಮಸೂದಿ ವರ್ಣಿಸಿದ್ದಾನೆ.

ಹಣ ಕಡಲಲ್ಲೇ ಬೆಳೆಯುವ ನಾಡಿನಲ್ಲಿ ಮನೆಖರ್ಚಿನ ಚಿಂತೆ ಇರಲಾರದು ಎಂದು ಯಾರಿಗಾದರೂ ತೋರೀತು. ವಾಸ್ತವ ಬೇರೆ. ಹಣ ಬೆಳೆಯುತ್ತಿತ್ತು, ಅಕ್ಕಿ ಬೆಳೆಯುತ್ತಿರಲಿಲ್ಲ. ಹವಳದ ಮರಳಿನ ಮೇಲೆ ತೆಂಗು, ಹಲಸಿನ ಜಾತಿಯ ದೀವಿಹಲಸು, ಕೆಲವು ಗೆಡ್ಡೆಗಳು ಬಂದಾವೇ ಹೊರತು ಭತ್ತ ಬಾರದು. ಆದ್ದರಿಂದ ಕವಡೆ ಹಡಗೇರಿ ಬಂಗಾಳಕ್ಕೆ ಹೋಗುತ್ತಿತ್ತು, ಅದರ ಬದಲಿಗೆ ಅಕ್ಕಿ ಬರುತ್ತಿತ್ತು. ಇಂದು ಕವಡೆಯ ಜಾಗದಲ್ಲಿ ಡಾಲರು ಇದೆ. ಉಳಿದಂತೆ ಲೆಕ್ಕದ ಸ್ವರೂಪ ಹೆಚ್ಚೇನೂ ಬದಲಾಗಿಲ್ಲ. ಪುಟ್ಟ ದ್ವೀಪರಾಷ್ಟ್ರವೊಂದರಲ್ಲಿ ಮನೆಯೊಡತಿಯ ಚೀಟಿಯೂ ದೇಶದ ವಿದೇಶೀ ವಿನಿಮಯದ ಖಾತೆಯೂ ಹೇಗೆ ಒಂದೇ ಪುಸ್ತಕದ ಎರಡು ಪುಟಗಳು ಎಂಬುದನ್ನು ತಿಳಿಯಲು ಮಾಲ್ಡೀವ್ಸ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹೊನ್ನಾವರದಿಂದ ಮಾಲೆಗೆ

ಈ ವ್ಯಾಪಾರವನ್ನು ಹತ್ತಿರದಿಂದ ಕಂಡು ಬರೆದವನು ಮೊರಾಕೊದ ಯಾತ್ರಿಕ ಇಬ್ನ್ ಬತೂತ. ಹದಿನಾಲ್ಕನೆಯ ಶತಮಾನದಲ್ಲಿ ಭಾರತದ ಪಶ್ಚಿಮ ಕರಾವಳಿಯಲ್ಲಿ ಸುತ್ತಾಡಿದ ಈತ ಹೊನ್ನಾವರದ ಸುಲ್ತಾನನ ಆಶ್ರಯದಲ್ಲಿ ಕೆಲಕಾಲ ಇದ್ದ. ಮುಂದೆ ಕಲ್ಲೀಕೋಟೆಯ ಮೂಲಕ ಮಾಲ್ಡೀವ್ಸ್ ತಲುಪಿ, 1343-44ರಲ್ಲಿ ಅಲ್ಲಿ ನ್ಯಾಯಾಧೀಶನಾಗಿ ಕೆಲಸ ಮಾಡಿದ. ಅವನ ಬರಹದಲ್ಲಿ ಒಂದು ಸ್ವಾರಸ್ಯಕರ ಲೆಕ್ಕವಿದೆ. ಮಾಲ್ಡೀವ್ಸ್‌ನಲ್ಲಿ ಒಂದು ಚಿನ್ನದ ದೀನಾರಿಗೆ ನಾಲ್ಕು ಲಕ್ಷ ಕವಡೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಅದೇ ಕವಡೆ ಪಶ್ಚಿಮ ಆಫ್ರಿಕದ ಮಾಲಿ ರಾಜ್ಯವನ್ನು ಸೇರುವ ಹೊತ್ತಿಗೆ ದೀನಾರಿಗೆ 1,150 ಮಾತ್ರ. ನಡುವಣ ವ್ಯತ್ಯಾಸವೆಲ್ಲ ಹಡಗು, ಒಂಟೆ ಮತ್ತು ದಲ್ಲಾಳಿಗಳ ಪಾಲು. ಕವಡೆ ಹೆಕ್ಕಿದ ಕುಟುಂಬಕ್ಕೆ ದಕ್ಕುತ್ತಿದ್ದುದು ಒಂದಿಷ್ಟು ಅಕ್ಕಿ.

ಕವಡೆಯ ಕಾಲ ಮುಗಿದ ಮೇಲೆ ಆ ಸ್ಥಾನಕ್ಕೆ ಬಂದದ್ದು ಒಣಮೀನು. ಸೂರೆ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಕಟ್ಟಿಗೆಯಂತೆ ಗಟ್ಟಿಯಾಗುವವರೆಗೆ ಒಣಗಿಸಿ ಸಿಂಹಳಕ್ಕೆ ಕಳಿಸುತ್ತಿದ್ದರು. ಅಲ್ಲಿಂದ ಅಕ್ಕಿ, ಸಕ್ಕರೆ, ಬಟ್ಟೆ ಬರುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಮಾಲೆಯ ಆಮದು ವ್ಯಾಪಾರದ ಮೇಲೆ ಭಾರತದ ಬೋಹ್ರಾ ವರ್ತಕರ ಹಿಡಿತವಿತ್ತು. ಅಂಗಡಿಯ ಕೀಲಿಕೈ ಪರಕೀಯರ ಸೊಂಟದಲ್ಲಿರುವುದು ಸ್ಥಳೀಯರಿಗೆ ಅಸಮಾಧಾನ ತಂದದ್ದು ಸಹಜ.

ಆದರೆ ಅಂಗಡಿಯ ಒಡೆಯನಿಗಿಂತ ಹಡಗಿನ ದಾರಿ ದೊಡ್ಡದು ಎಂದು ಕಲಿಸಿದ್ದು ಎರಡನೆಯ ಮಹಾಯುದ್ಧ. 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿತು. ಬರ್ಮಾದ ಅಕ್ಕಿಯನ್ನು ನಂಬಿದ್ದ ಸಿಂಹಳವೇ ತತ್ತರಿಸಿದಾಗ ಸಿಂಹಳವನ್ನು ನಂಬಿದ್ದ ಮಾಲ್ಡೀವ್ಸ್‌ನ ಗತಿ ಏನಾಗಬೇಕು? ಹೊರದ್ವೀಪಗಳ ಜನ ಸೊಪ್ಪು, ಕಾಡುಗೆಡ್ಡೆ ಬೇಯಿಸಿ ತಿಂದು ದಿನ ನೂಕಿದರು. ಹಸಿವಿನಿಂದ ಸತ್ತವರೂ ಇದ್ದರು. ಕೈಯಲ್ಲಿ ಮೀನಿತ್ತು, ಕೊಳ್ಳುವವರಿರಲಿಲ್ಲ. ಹಣವಿದ್ದವರಿಗೂ ಅಕ್ಕಿ ಇರಲಿಲ್ಲ. ಆ ದಿನಗಳಲ್ಲಿ ಆಡಳಿತ ನಡೆಸುತ್ತಿದ್ದ ಮೊಹಮದ್ ಅಮೀನ್ ದೀದಿ ಮೀನಿನ ರಫ್ತನ್ನೂ ಆಹಾರದ ಆಮದನ್ನೂ ಸರ್ಕಾರದ ಕೈಗೆ ತೆಗೆದುಕೊಂಡರು. ದೇಶ 1965ರಲ್ಲಿ ಸ್ವತಂತ್ರವಾಗುವುದಕ್ಕೆ ಒಂದು ವರ್ಷ ಮೊದಲೇ, 1964ರಲ್ಲಿ, ಸರ್ಕಾರಿ ವ್ಯಾಪಾರ ಸಂಸ್ಥೆಯೊಂದು ಹುಟ್ಟಿಕೊಂಡಿತು. ಇಂದಿನ ಸ್ಟೇಟ್ ಟ್ರೇಡಿಂಗ್ ಆರ್ಗನೈಸೇಷನ್ ಅದರ ಮುಂದುವರಿಕೆ. ಅಕ್ಕಿ, ಹಿಟ್ಟು, ಸಕ್ಕರೆಯನ್ನು ತಂದು ನಿಯಂತ್ರಿತ ಬೆಲೆಗೆ ಒದಗಿಸುವುದು ದಶಕಗಳಿಂದ ಅದರ ಮುಖ್ಯ ಹೊಣೆ. ಸ್ವಾತಂತ್ರ್ಯದ ಬಾವುಟಕ್ಕಿಂತ ಮೊದಲು ಉಗ್ರಾಣದ ವ್ಯವಸ್ಥೆ ಮಾಡಿಕೊಂಡ ದೇಶವಿದು.

ಒಂದೇ ಮೊಟ್ಟೆ, ಎರಡು ಲೆಕ್ಕ

ಅರ್ಥಶಾಸ್ತ್ರಜ್ಞರು ‘ಗೃಹಬಳಕೆಯ ವೆಚ್ಚ’ ಎಂದು ಕರೆಯುವುದು ಯಾವುದನ್ನು? ಕುಟುಂಬಗಳು ತಮ್ಮ ಬಳಕೆಗಾಗಿ ವರ್ಷವಿಡೀ ಮಾಡುವ ಎಲ್ಲ ಖರ್ಚನ್ನು. ಊಟ, ಬಟ್ಟೆ, ಬಾಡಿಗೆ, ಔಷಧ, ಪ್ರಯಾಣ, ದೂರವಾಣಿ ಎಲ್ಲವೂ ಇದರಲ್ಲಿ ಸೇರುತ್ತವೆ. ಈ ಖರ್ಚಿಗೆ ಸರ್ಕಾರದ ಖರ್ಚು, ಬಂಡವಾಳ ಹೂಡಿಕೆ ಮತ್ತು ರಫ್ತನ್ನು ಕೂಡಿಸಿ, ಆಮದನ್ನು ಕಳೆದರೆ ದೇಶದ ಒಟ್ಟು ಉತ್ಪನ್ನ ಸಿಗುತ್ತದೆ. ಭಾರತದಂಥ ದೊಡ್ಡ ದೇಶದಲ್ಲಿ ಒಟ್ಟು ಉತ್ಪನ್ನದ ಸುಮಾರು ಶೇಕಡಾ 60ರಷ್ಟು ಕುಟುಂಬಗಳ ಖರ್ಚೇ. ಲೆಕ್ಕಿಗರು ಕಾಸು ಕೈ ಬದಲಾಯಿಸದ ಬಳಕೆಯನ್ನೂ ಬಿಡುವುದಿಲ್ಲ. ಬೆಸ್ತ ತಾನು ಹಿಡಿದ ಮೀನನ್ನು ಮನೆಯಲ್ಲೇ ಉಂಡರೂ ಅದಕ್ಕೊಂದು ಬೆಲೆ ಕಟ್ಟುತ್ತಾರೆ. ಸ್ವಂತ ಮನೆಯಲ್ಲಿರುವವನು ತನಗೆ ತಾನೇ ಬಾಡಿಗೆ ಕೊಟ್ಟಂತೆ ಭಾವಿಸಿ ಅದನ್ನೂ ಸೇರಿಸುತ್ತಾರೆ.

ದ್ವೀಪದಲ್ಲಿ ಈ ಲೆಕ್ಕ ವಿಚಿತ್ರ ತಿರುವು ಪಡೆಯುತ್ತದೆ. ಭಾರತದಿಂದ ಒಂದೇ ಪೆಟ್ಟಿಗೆಯಲ್ಲಿ ಬಂದ ಎರಡು ಮೊಟ್ಟೆಗಳಿವೆ ಎಂದುಕೊಳ್ಳೋಣ. ಒಂದನ್ನು ಮಾಲೆಯ ಗೃಹಿಣಿ ಕೊಂಡು ಮಗುವಿಗೆ ಬೇಯಿಸಿ ಕೊಟ್ಟಳು. ಅದು ಗೃಹಬಳಕೆ. ಇನ್ನೊಂದು ಪಕ್ಕದ ದ್ವೀಪದ ರೆಸಾರ್ಟಿನಲ್ಲಿ ಜರ್ಮನ್ ಪ್ರವಾಸಿಯ ತಟ್ಟೆ ಸೇರಿತು. ಅದು ರಫ್ತು! ಮೊಟ್ಟೆ ದೇಶ ಬಿಟ್ಟು ಹೋಗದಿದ್ದರೂ ತಿಂದವನು ಪರದೇಶದವನಾದ್ದರಿಂದ, ಅವನು ಕೊಟ್ಟದ್ದು ಡಾಲರಾದ್ದರಿಂದ, ಲೆಕ್ಕದಲ್ಲಿ ಅದು ಹೊರಗೆ ಮಾರಿದ ಸೇವೆ. ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ಇದೆ. ಮಾಲ್ಡೀವ್ಸ್‌ನ ಅನೇಕರು ಚಿಕಿತ್ಸೆಗಾಗಿ ತಿರುವನಂತಪುರ, ಚೆನ್ನೈ, ಬೆಂಗಳೂರುಗಳಿಗೆ ಬರುತ್ತಾರೆ. ಅವರು ಇಲ್ಲಿನ ಆಸ್ಪತ್ರೆಗೆ, ವಸತಿಗೃಹಕ್ಕೆ, ಆಟೋರಿಕ್ಷಾಕ್ಕೆ ಕೊಡುವ ಹಣ ಭಾರತದಲ್ಲಿ ಖರ್ಚಾದರೂ ಮಾಲ್ಡೀವ್ಸ್ ಕುಟುಂಬದ ಬಳಕೆಯೇ; ಜೊತೆಗೆ ಆ ದೇಶದ ಆಮದು ಕೂಡ.

ಹೀಗೆ ಪ್ರವಾಸಿಯ ತಟ್ಟೆ ರಫ್ತಿನ ಸಾಲಿಗೆ ಸೇರಿಹೋಗುವುದರಿಂದ, ತಲಾ ಉತ್ಪನ್ನದ ಅಂಕಿ ನೋಡಿ ಅಲ್ಲಿನ ಮನೆಗಳ ಸಿರಿಯನ್ನು ಊಹಿಸುವುದು ಮೋಸದ ಮಾತು. 1972ರಲ್ಲಿ ಕುರುಂಬಾ ಎಂಬ ಮೊದಲ ವಿಹಾರಧಾಮದಿಂದ ಆರಂಭವಾದ ಪ್ರವಾಸೋದ್ಯಮ 2024ರಲ್ಲಿ 20 ಲಕ್ಷಕ್ಕೂ ಹೆಚ್ಚು ಅತಿಥಿಗಳನ್ನು ಕಂಡಿತು. ಒಬ್ಬೊಬ್ಬರು ಸರಾಸರಿ ಏಳೆಂಟು ದಿನ ತಂಗುತ್ತಾರೆ. ಅಂದರೆ ಯಾವ ದಿನ ನೋಡಿದರೂ ಸುಮಾರು 40 ಸಾವಿರ ಅತಿಥಿಗಳು ಊಟಕ್ಕೆ ಕುಳಿತಿರುತ್ತಾರೆ. 2022ರ ಜನಗಣತಿಯಂತೆ ದೇಶದಲ್ಲಿ ವಾಸವಿದ್ದವರೇ 5.15 ಲಕ್ಷ, ಅವರಲ್ಲೂ 1.32 ಲಕ್ಷ ಮಂದಿ ದುಡಿಯಲು ಬಂದ ಪರದೇಶದವರು. ಆ ಕಾರ್ಮಿಕರು ಬಾಂಗ್ಲಾದೇಶ, ಭಾರತ, ಶ್ರೀಲಂಕಾಗಳ ತಮ್ಮ ಮನೆಗಳಿಗೆ ಹಣ ಕಳಿಸುವವರು. ಅವರ ಸಂಬಳದ ಒಂದು ಪಾಲು ಖರ್ಚಾಗುವುದು ಬೇರೆಯೇ ದೇಶದ ಅಡುಗೆಮನೆಯಲ್ಲಿ.

ಬೆಳಗಿನ ತಟ್ಟೆ

ಮಾಲ್ಡೀವ್ಸ್‌ನ ಮನೆಗಳಲ್ಲಿ ಬೆಳಗಿನ ಉಪಾಹಾರಕ್ಕೆ ‘ಮಾಸ್ ಹುಣಿ’ ಇರುತ್ತದೆ. ಬೇಯಿಸಿದ ಸೂರೆ ಮೀನಿನ ಚೂರು, ತುರಿದ ತೆಂಗಿನಕಾಯಿ, ಹೆಚ್ಚಿದ ಈರುಳ್ಳಿ, ಮೆಣಸಿನಕಾಯಿ, ನಿಂಬೆರಸ ಬೆರೆಸಿದ ಖಾದ್ಯ. ಅದರ ಜೊತೆಗೆ ನಮ್ಮ ಚಪಾತಿಯ ಸೋದರಿಯಂತಿರುವ ‘ರೋಶಿ’. ಮೇಲೊಂದು ಲೋಟ ಸಿಹಿ ಚಹಾ. ತಟ್ಟೆಯನ್ನು ಬಿಡಿಸಿ ನೋಡಿದರೆ ದೇಶದ ಅರ್ಥವ್ಯವಸ್ಥೆಯೇ ಕಾಣುತ್ತದೆ. ಮೀನು ಸ್ವಂತದ್ದು. ತೆಂಗಿನಕಾಯಿಯೂ ಮಟ್ಟಿಗೆ ಸ್ವಂತದ್ದು. ಗೋಧಿಹಿಟ್ಟು, ಈರುಳ್ಳಿ, ಸಕ್ಕರೆ, ಚಹಾಪುಡಿ, ಹಾಲಿನಪುಡಿ ಹಡಗಿನಲ್ಲಿ ಬಂದವು. ರೋಶಿ ಬೇಯಿಸಿದ ಅನಿಲ ಹಡಗಿನಲ್ಲಿ ಬಂದದ್ದು. ಚಹಾದ ನೀರು ಕಡಲಿನದೇ ಆದರೂ ಅದರ ಉಪ್ಪು ತೆಗೆದ ಯಂತ್ರ ಓಡಿದ್ದು ಬಹುಪಾಲು ಆಮದು ಡೀಸೆಲ್‌ನಿಂದ. ಊಟದ ಮೇಲೆ ಹಾಕಿಕೊಳ್ಳುವ ಅಡಿಕೆ ಕೂಡ ಹೊರಗಿನದೇ. ಭಾರತದ ಅಡಿಕೆಯನ್ನು ಕೊಳ್ಳುವ ದೇಶಗಳ ಪಟ್ಟಿಯಲ್ಲಿ ಮಾಲ್ಡೀವ್ಸ್ ಹೆಸರು ಇದೆ; ಭಾರತದ ಅಡಿಕೆ ಎಂದರೆ ಅದರಲ್ಲಿ ದೊಡ್ಡ ಪಾಲು ಕರ್ನಾಟಕದ ತೋಟಗಳದು.

ದೊಡ್ಡ ದೇಶವೊಂದರಲ್ಲಿ ಗೃಹಿಣಿ ಅಂಗಡಿಗೆ ಕೊಟ್ಟ ನೂರು ರೂಪಾಯಿ ಅಂಗಡಿಯವನಿಂದ ಗಿರಣಿಗೆ, ಗಿರಣಿಯಿಂದ ರೈತನಿಗೆ, ರೈತನಿಂದ ಬಟ್ಟೆಯಂಗಡಿಗೆ ಹೀಗೆ ಸುತ್ತುತ್ತಾ ಹೋಗುತ್ತದೆ. ಪ್ರತಿ ಸುತ್ತಿನಲ್ಲಿ ಯಾರಿಗೋ ಒಬ್ಬರಿಗೆ ಸಂಪಾದನೆ. ಒಬ್ಬನ ಖರ್ಚು ಇನ್ನೊಬ್ಬನ ವರಮಾನ ಎಂಬ ಸೂತ್ರ ಅಲ್ಲಿ ನಿಜವಾಗುತ್ತದೆ. ಆದುದರಿಂದಲೇ ಮಂದಗತಿಯ ಕಾಲದಲ್ಲಿ ಜನರ ಕೈಗೆ ಹಣ ಕೊಟ್ಟು ಖರ್ಚು ಮಾಡಿಸಿದರೆ ಉದ್ಯೋಗ ಹೆಚ್ಚುತ್ತದೆ ಎಂದು ಸರ್ಕಾರಗಳು ನಂಬುತ್ತವೆ. ಮಾಲೆಯ ಗೃಹಿಣಿ ಕೊಟ್ಟ ನೂರು ರೂಫಿಯಾಕ್ಕೆ ಅಷ್ಟು ದೂರದ ಪಯಣವಿಲ್ಲ. ಅಂಗಡಿಯ ಬಾಡಿಗೆ, ಕೂಲಿ, ಲಾಭ ಎಂದು ಒಂದು ಪಾಲು ಉಳಿದು, ಮಿಕ್ಕದ್ದು ಆಮದುದಾರನ ಕೈಯಲ್ಲಿ ಡಾಲರಾಗಿ ಬದಲಾಗಿ ಕಡಲು ದಾಟುತ್ತದೆ. ಸಂಬಳ ಹೆಚ್ಚಿಸಿದರೂ ಸಹಾಯಧನ ಕೊಟ್ಟರೂ ಅದರ ಲಾಭ ಬಹುಮಟ್ಟಿಗೆ ಹೊರಗಿನ ರೈತ, ಹೊರಗಿನ ಗಿರಣಿಗೆ. ತೂತಿರುವ ಕೊಡದಲ್ಲಿ ನೀರು ತುಂಬಿದಂತೆ ಅದು. ಕೊಡ ಬರಿದಾಗದಿರಲು ಮೇಲಿನಿಂದ ಪ್ರವಾಸಿಯ ಡಾಲರು ಸುರಿಯುತ್ತಲೇ ಇರಬೇಕು.

ಬಾಡಿಗೆ ಮತ್ತು ನೀರು

ಆಮದಾಗದ ಒಂದು ವಸ್ತುವಿದೆ: ನೆಲ. ದೇಶದ ಸುಮಾರು 1,200 ದ್ವೀಪಗಳ ಒಟ್ಟು ನೆಲ 300 ಚದರ ಕಿಲೋಮೀಟರಿನಷ್ಟು. ಬೆಂಗಳೂರು ನಗರದ ಅರ್ಧಕ್ಕಿಂತ ಕಡಿಮೆ. ಅದೂ ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಚೆಲ್ಲಿಹೋಗಿದೆ. ಜನವಸತಿ ಇರುವುದು ಇನ್ನೂರಕ್ಕೂ ಕಡಿಮೆ ದ್ವೀಪಗಳಲ್ಲಿ. ಒಳ್ಳೆಯ ಶಾಲೆ, ದೊಡ್ಡ ಆಸ್ಪತ್ರೆ, ಸರ್ಕಾರಿ ನೌಕರಿ ರಾಜಧಾನಿಯಲ್ಲಿ. ಹೀಗಾಗಿ ಸುಮಾರು ಎರಡು ಚದರ ಕಿಲೋಮೀಟರಿನ ಮಾಲೆಗೆ ಜನ ಬಂದು ತುಂಬಿಕೊಂಡರು. ಅಲ್ಲಿನ ಕುಟುಂಬಗಳ ಖರ್ಚಿನಲ್ಲಿ ಎಲ್ಲಕ್ಕಿಂತ ದೊಡ್ಡ ಬಾಬತ್ತು ಮನೆ ಬಾಡಿಗೆ, ನೀರು ಮತ್ತು ವಿದ್ಯುತ್ತಿನದು. ಮಕ್ಕಳನ್ನು ಓದಿಸಲು ದೂರದ ದ್ವೀಪದಿಂದ ಬಂದ ಕುಟುಂಬ ಒಂದೆರಡು ಕೋಣೆಗಳಿಗೆ ದುಡಿಮೆಯ ಬಹುಭಾಗ ತೆರುತ್ತದೆ. ಈ ಹಣ ಕೂಡಲೇ ಕಡಲು ದಾಟುವುದಿಲ್ಲ ನಿಜ. ಹಳೆಯ ಮಾಲೆಯಲ್ಲಿ ನಿವೇಶನವಿದ್ದ ಮನೆತನಗಳ ಕೈ ಸೇರುತ್ತದೆ. ಹೊರದ್ವೀಪದವನ ಬಡತನಕ್ಕೂ ರಾಜಧಾನಿಯವನ ಸಿರಿತನಕ್ಕೂ ನಡುವಿನ ಕಾಲುವೆ ಈ ಬಾಡಿಗೆಯೇ. 1997ರಲ್ಲಿ ಕಡಲನ್ನು ತುಂಬಿ ಹುಲುಮಾಲೆ ಎಂಬ ಹೊಸ ನೆಲ ಮಾಡಲು ಹೊರಟದ್ದು, 2018ರಲ್ಲಿ ಅದಕ್ಕೂ ಮಾಲೆಗೂ ಸೇತುವೆಯ ಸಂಪರ್ಕ ಕೊಟ್ಟದ್ದು ಈ ಇಕ್ಕಟ್ಟನ್ನು ಸಡಿಲಿಸಲೆಂದೇ.

ಹೊರದ್ವೀಪದಲ್ಲಿ ಬಾಡಿಗೆಯ ಹೊರೆ ಕಡಿಮೆ, ಸಾಗಾಟದ ಹೊರೆ ಹೆಚ್ಚು. ಮಾಲೆಯಲ್ಲಿ ಇಳಿದ ಸರಕು ಮತ್ತೆ ದೋಣಿ ಹತ್ತಿ ಹೋಗಬೇಕು. (ಅಲ್ಲಿನ ದಿವೇಹಿ ಭಾಷೆಯಲ್ಲೂ ದೋಣಿಗೆ ದೋಣಿ ಎಂದೇ ಹೆಸರು.) ಹವೆ ಕೆಟ್ಟರೆ ದೋಣಿ ನಿಲ್ಲುತ್ತದೆ, ಅಂಗಡಿಯಲ್ಲಿ ತರಕಾರಿ ಇರುವುದಿಲ್ಲ.

ನೀರಿನ ಮಾತು ಇನ್ನೂ ಸೂಕ್ಷ್ಮ. ಹವಳದ ದ್ವೀಪದಡಿಯಲ್ಲಿ ಉಪ್ಪುನೀರಿನ ಮೇಲೆ ಸಿಹಿನೀರಿನ ತೆಳು ಪದರವೊಂದು ತೇಲುತ್ತಿರುತ್ತದೆ. ಮಾಲೆಯಲ್ಲಿ ಜನ ಹೆಚ್ಚಿದಂತೆ ಆ ಪದರ ಬತ್ತಿ, ಮಲಿನವಾಯಿತು. 1978ರಲ್ಲಿ ಕಾಲರಾ ಹಬ್ಬಿದ ಮೇಲೆ ಬಾವಿಯನ್ನು ನಂಬಿ ಕೂರುವಂತಿಲ್ಲ ಎಂಬುದು ಸ್ಪಷ್ಟವಾಯಿತು. ಇಂದು ನಗರ ಕುಡಿಯುವುದು ಯಂತ್ರ ಸೋಸಿದ ಕಡಲನ್ನು. 2014ರ ಡಿಸೆಂಬರ್ 4ರಂದು ನೀರಿನ ಸ್ಥಾವರದಲ್ಲಿ ಬೆಂಕಿ ಬಿದ್ದಾಗ ಒಂದು ಲಕ್ಷಕ್ಕೂ ಹೆಚ್ಚು ಜನರ ನಲ್ಲಿಗಳು ಒಣಗಿದವು. ಭಾರತದಿಂದ ವಿಮಾನಗಳಲ್ಲಿ ನೀರಿನ ಬಾಟಲಿಗಳು ಹೋದವು; ನೌಕಾಪಡೆಯ ಸುಕನ್ಯಾ ಹಡಗು ಹೋಯಿತು. ಸುತ್ತ ಕಡಲಿರುವ ಊರಿಗೆ ನೀರನ್ನು ವಿಮಾನದಲ್ಲಿ ಕಳಿಸಬೇಕಾದ ಪ್ರಸಂಗ ಅದು.

ಉಗ್ರಾಣದ ರಾಜಕೀಯ

ಅಡುಗೆಮನೆ ಹೀಗೆ ಬಂದರಿಗೆ ಕಟ್ಟಿಹಾಕಿಕೊಂಡಿರುವಾಗ ಅಕ್ಕಿಬೇಳೆಯೂ ರಾಜತಂತ್ರದ ವಿಷಯವಾಗುತ್ತದೆ. ಭಾರತ ಮತ್ತು ಮಾಲ್ಡೀವ್ಸ್ ನಡುವೆ 1981ರಲ್ಲಿ ಆದ ವ್ಯಾಪಾರ ಒಪ್ಪಂದದಲ್ಲಿ ಅಗತ್ಯ ವಸ್ತುಗಳ ಪೂರೈಕೆಗೆ ಅವಕಾಶವಿದೆ. ಭಾರತ ತನ್ನ ಜನರಿಗಾಗಿ ಅಕ್ಕಿ ಅಥವಾ ಈರುಳ್ಳಿಯ ರಫ್ತನ್ನು ತಡೆದರೂ ಮಾಲ್ಡೀವ್ಸ್‌ಗೆ ನಿಗದಿಯಾದ ಪಾಲು ಹೋಗುತ್ತದೆ. 2023ರ ಡಿಸೆಂಬರಿನಲ್ಲಿ ಈರುಳ್ಳಿಯ ರಫ್ತು ನಿಂತಾಗಲೂ ಈ ಬಾಗಿಲು ಮುಚ್ಚಲಿಲ್ಲ.

ಅದರ ಬೆನ್ನಿಗೇ, 2024ರ ಜನವರಿಯಲ್ಲಿ, ಎರಡು ದೇಶಗಳ ಸಂಬಂಧ ಹಳಸಿತು. ಭಾರತದ ಪ್ರಧಾನಿಯ ಬಗ್ಗೆ ಮಾಲ್ಡೀವ್ಸ್‌ನ ಕಿರಿಯ ಮಂತ್ರಿಗಳು ಆಡಿದ ಮಾತು ವಿವಾದವಾಯಿತು. ಹೊಸದಾಗಿ ಅಧಿಕಾರಕ್ಕೆ ಬಂದಿದ್ದ ಅಧ್ಯಕ್ಷ ಮೊಹಮದ್ ಮುಯಿಝು, ಆಹಾರ ಮತ್ತು ಔಷಧಗಳಿಗೆ ಒಂದೇ ದೇಶವನ್ನು ನಂಬುವುದನ್ನು ನಿಲ್ಲಿಸುವುದಾಗಿ, ಟರ್ಕಿಯಂಥ ದೂರದ ದೇಶಗಳಿಂದ ತರಿಸುವುದಾಗಿ ಸಾರಿದರು. ಒಂದೇ ಬಾಗಿಲನ್ನು ನಂಬಬಾರದೆಂಬ ಎಚ್ಚರಿಕೆ ತಪ್ಪೇನಲ್ಲ. 1942ರ ನೆನಪುಳ್ಳ ದೇಶಕ್ಕೆ ಅದು ಇರಲೇಬೇಕಾದ ಎಚ್ಚರಿಕೆ. ಆದರೆ ಬೇಗ ಕೊಳೆಯುವ ಈರುಳ್ಳಿಗೆ, ಒಡೆಯುವ ಮೊಟ್ಟೆಗೆ ದೂರವೇ ದುಬಾರಿ. ತೂತ್ತುಕುಡಿಯಿಂದ ಹಡಗು ಕೆಲವೇ ದಿನಗಳಲ್ಲಿ ಮಾಲೆ ಮುಟ್ಟುತ್ತದೆ. ಅದೇ ವರ್ಷದ ಏಪ್ರಿಲ್‌ನಲ್ಲಿ, ಮಾಲ್ಡೀವ್ಸ್‌ನ ಕೋರಿಕೆಯಂತೆ, 1981ರಿಂದ ಈಚೆಗೆ ಅತಿ ಹೆಚ್ಚಿನ ಪ್ರಮಾಣವನ್ನು ಭಾರತ ಮಂಜೂರು ಮಾಡಿತು: 1.24 ಲಕ್ಷ ಟನ್ ಅಕ್ಕಿ, 1.09 ಲಕ್ಷ ಟನ್ ಗೋಧಿಹಿಟ್ಟು, 64 ಸಾವಿರ ಟನ್ ಸಕ್ಕರೆ, 35 ಸಾವಿರ ಟನ್ ಈರುಳ್ಳಿ, 42 ಕೋಟಿಗೂ ಹೆಚ್ಚು ಮೊಟ್ಟೆ. ಮನೆ ಕಟ್ಟಲು ಹತ್ತು ಲಕ್ಷ ಟನ್ ನದಿಮರಳು ಕೂಡ. ಇವು ಗರಿಷ್ಠ ಮಿತಿಗಳು. ಅಷ್ಟನ್ನೂ ಕೊಂಡು ಉಂಡ ಲೆಕ್ಕವಲ್ಲ. ಆದರೂ ತಲೆಗೆ ಎಂಟುನೂರಕ್ಕೂ ಹೆಚ್ಚು ಮೊಟ್ಟೆ ಬೀಳುವ ಈ ಪಟ್ಟಿಯಲ್ಲಿ ಮನೆಗಳ ಹಸಿವಿನ ಜೊತೆಗೆ ರೆಸಾರ್ಟುಗಳ ಹಸಿವೂ ಅಡಗಿರುವುದು ಸ್ಪಷ್ಟ.

ಡಾಲರಿನ ಬಾಗಿಲಲ್ಲಿ

ಹಡಗು ಬಂದರೆ ಸಾಲದು, ಸರಕಿಗೆ ಡಾಲರು ಕೊಡಬೇಕು. 2011ರ ಏಪ್ರಿಲ್‌ನಲ್ಲಿ ಸರ್ಕಾರ ಡಾಲರಿಗೆ 12.85 ರೂಫಿಯಾದ ಆಸುಪಾಸಿನಲ್ಲಿ ಎರಡೂ ಕಡೆಗೆ ಶೇಕಡಾ 20ರಷ್ಟು ಏರಿಳಿತಕ್ಕೆ ಅವಕಾಶ ಕೊಟ್ಟಿತು. ದರ ಮೇಲಿನ ಅಂಚಾದ 15.42ಕ್ಕೆ ಹೋಗಿ ನಿಂತದ್ದು ವರ್ಷಗಟ್ಟಲೆ ಅಲ್ಲಿಯೇ ಉಳಿಯಿತು. ಆ ದರದಲ್ಲಿ ಬೇಕಾದಷ್ಟು ಡಾಲರು ಬ್ಯಾಂಕಿನಲ್ಲಿ ಸಿಗದಾಗ ವರ್ತಕ ಕಾಳಸಂತೆಗೆ ಹೋಗುತ್ತಾನೆ. ಅಲ್ಲಿ ಹೆಚ್ಚು ತೆತ್ತದ್ದನ್ನು ಹಾಲಿನಪುಡಿಯ ಬೆಲೆಗೆ ಸೇರಿಸುತ್ತಾನೆ. ಸರ್ಕಾರದ ಕಡತದಲ್ಲಿ ರೂಫಿಯಾ ಕುಸಿಯದಿದ್ದರೂ ಅಡುಗೆಮನೆಯಲ್ಲಿ ಕುಸಿದಿರುತ್ತದೆ.

ಈ ಕೊಡಕ್ಕೆ ಮೇಲಿನಿಂದ ನೀರು ನಿಂತರೆ ಏನಾದೀತು ಎಂಬುದನ್ನು 2020 ತೋರಿಸಿತು. ಕೊರೊನಾ ಪಿಡುಗಿನಿಂದ ಮಾರ್ಚ್ ಕೊನೆಯಿಂದ ಜುಲೈ ನಡುವಿನವರೆಗೆ ಪ್ರವಾಸಿಗಳಿಗೆ ಬಾಗಿಲು ಮುಚ್ಚಿತು. ಆ ವರ್ಷ ದೇಶದ ಉತ್ಪನ್ನ ಸುಮಾರು ಮೂರನೆಯ ಒಂದು ಭಾಗ ಕುಸಿಯಿತು. ಜನ ಉಣ್ಣುವುದನ್ನು ಮೂರನೆಯ ಒಂದು ಭಾಗ ಕಡಿಮೆ ಮಾಡಲಾದೀತೆ? ಅಕ್ಕಿಯ ಹಡಗು ಬರಲೇಬೇಕು, ಸಾಲ ಮಾಡಿಯಾದರೂ ಅದಕ್ಕೆ ತೆರಲೇಬೇಕು. ಆ ಸಾಲದ ಭಾರದ ಜೊತೆ ಹಿಂದುಮುಂದಿನ ಕಾಮಗಾರಿಗಳ ಸಾಲವೂ ಸೇರಿ 2024ರ ಹೊತ್ತಿಗೆ ವಿದೇಶೀ ವಿನಿಮಯದ ಸಂಗ್ರಹ ಅಪಾಯದ ಮಟ್ಟಕ್ಕೆ ಇಳಿದಿತ್ತು. ಆಗಸ್ಟ್ 25ರಂದು ದೇಶದ ಅತಿದೊಡ್ಡ ಬ್ಯಾಂಕು ತನ್ನ ಕಾರ್ಡುಗಳ ಮೂಲಕ ವಿದೇಶೀ ಪಾವತಿ ಮಾಡುವುದನ್ನು ಬಿಗಿಗೊಳಿಸಿ, ಅದೇ ದಿನ ಆ ಆದೇಶವನ್ನು ಹಿಂತೆಗೆದುಕೊಂಡಿತು. ಪರದೇಶದಲ್ಲಿ ಓದುವ ಮಕ್ಕಳಿಗೆ, ಆಸ್ಪತ್ರೆಯಲ್ಲಿರುವ ತಂದೆತಾಯಿಗೆ ಹಣ ಕಳಿಸುವ ಕುಟುಂಬಗಳಿಗೆ ಆ ಒಂದು ದಿನ ಸಾಕಷ್ಟು ಉದ್ದವಾಗಿದ್ದೀತು. ಅಕ್ಟೋಬರಿನಲ್ಲಿ ಭಾರತ 40 ಕೋಟಿ ಡಾಲರು ಮತ್ತು 3,000 ಕೋಟಿ ರೂಪಾಯಿಗಳ ಕರೆನ್ಸಿ ವಿನಿಮಯ ಸೌಲಭ್ಯ ನೀಡಿದ ಮೇಲೆ ಉಸಿರಾಡಲು ಅವಕಾಶವಾಯಿತು.

ಸರ್ಕಾರದ ಕೈಯಲ್ಲಿರುವ ಉಪಾಯಗಳು ಕೆಲವೇ. ಪ್ರವಾಸಿಯ ಬಿಲ್ಲಿನ ಮೇಲಿನ ತೆರಿಗೆಯನ್ನು 2025ರ ಜುಲೈಯಲ್ಲಿ ಶೇಕಡಾ 17ಕ್ಕೆ ಏರಿಸಲಾಯಿತು. ಸ್ಥಳೀಯರ ಖರೀದಿಯ ಮೇಲಿನ ತೆರಿಗೆ 2011ರ ಅಕ್ಟೋಬರಿನಲ್ಲಿ ಶೇಕಡಾ 3.5ರಿಂದ ಆರಂಭವಾಗಿ 2023ರಲ್ಲಿ ಶೇಕಡಾ 8ಕ್ಕೆ ಮುಟ್ಟಿತ್ತು. ಇನ್ನೊಂದು ದಾರಿ ಸಹಾಯಧನವನ್ನು ಬಡವರಿಗಷ್ಟೇ ಸೀಮಿತಗೊಳಿಸುವುದು. ಅಗ್ಗದ ಹಿಟ್ಟು ಶ್ರೀಮಂತನಿಗೂ ಅಗ್ಗ ಎಂಬುದು ವಿಶ್ವಬ್ಯಾಂಕು ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿಯ ತಕರಾರು. ತಕರಾರಿನಲ್ಲಿ ಹುರುಳಿದೆ. ಆದರೆ ಅಗ್ಗದ ಹಿಟ್ಟು ಆ ದೇಶದಲ್ಲಿ ಬರೀ ಸಹಾಯಧನವಲ್ಲ. ಹಡಗು ತಡವಾದರೂ ಬೆಲೆ ಏರದು ಎಂದು ಪ್ರಭುತ್ವ ಪ್ರಜೆಗೆ ಕೊಟ್ಟ ಮಾತು. ಅದನ್ನು ಮುಟ್ಟಲು ಯಾವ ಪಕ್ಷವೂ ಹಿಂಜರಿಯುತ್ತದೆ.

ಏಳುನೂರು ವರ್ಷಗಳ ಕೆಳಗೆ ದೀನಾರಿಗೆ ನಾಲ್ಕು ಲಕ್ಷ ಕವಡೆ ಎಣಿಸಿಕೊಟ್ಟ ಕುಟುಂಬದ ಮುಂದಿದ್ದ ಪ್ರಶ್ನೆ, ಈ ಕವಡೆಗೆ ಎಷ್ಟು ಅಕ್ಕಿ ಬಂದೀತು ಎಂಬುದು. ಇಂದಿನ ಪ್ರಶ್ನೆಯೂ ಬಹುಶಃ ಅದೇ. ವ್ಯತ್ಯಾಸವೆಂದರೆ, ಕವಡೆ ಮಾಲ್ಡೀವ್ಸ್‌ನ ಕಡಲಿನಲ್ಲೇ ಹುಟ್ಟುತ್ತಿತ್ತು. ಡಾಲರು ಹುಟ್ಟುವುದು ಬೇರೆ ಕಡೆ, ಮತ್ತು ಅದು ವಿಮಾನ ಹತ್ತಿ ಬರಬೇಕು.